ಮೊದಲ ಸಾಲಿನ ಇಪ್ಪತ್ತು ನಿಮಿಷ

12 ಜನವರಿ 1964, ಭಾನುವಾರ. ಮಿಜಾರು.

ಬೆಂಗಳೂರಿನ ವಿಮಾನ ಶಾಲೆಯ ಅರ್ಜಿ ತುಂಬಿಸಿ ಹನ್ನೊಂದು ದಿನವಾಯಿತು. ಅಪ್ಪನ ಸಹಿಯೊಂದೇ ಬಾಕಿ. "ಹೆಣ್ಣುಮಕ್ಕಳು ವಿಮಾನ ಬಿಡುವುದುಂಟಾ?" ಎಂದವರು ಅದನ್ನು ಮುಟ್ಟಿಯೂ ನೋಡಿರಲಿಲ್ಲ.

ಇವತ್ತು ಬೊಂಬಾಯಿಗೆ ಹೊರಟ ಮಾವನನ್ನು ಕಳುಹಿಸಲು ಅಪ್ಪನೂ ನಾನೂ ಬಜಪೆಗೆ ಹೋಗಿದ್ದೆವು. ವಿಮಾನ ಹೊರಡುವುದು ತಡವಾಗಿತ್ತು. ಅದನ್ನು ಹಾರಿಸುವ ಕ್ಯಾಪ್ಟನ್ ನೆರಳಿನಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಕುಂದಾಪುರದ ಕಡೆಯವರಂತೆ. ಧೈರ್ಯ ಮಾಡಿ, ಪೈಲಟ್ ಆಗಲು ಮೊದಲು ಏನು ಮಾಡಬೇಕೆಂದು ಕೇಳಿಯೇಬಿಟ್ಟೆ. ಅವರು ನಗಲಿಲ್ಲ. ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ಕಲಿಸುವವರ ಜೊತೆ ಹಾರುವುದು, ಕೊನೆಗೆ ಒಬ್ಬಳೇ ಎಂದರು. ಪ್ರತಿ ಸಲ ಹಾರಿದ ಹೊತ್ತನ್ನು ಬರೆದಿಡುವ ತಮ್ಮ ಪುಸ್ತಕವನ್ನು ಚೀಲದಿಂದ ತೆಗೆದು ನನ್ನ ಕೈಗೇ ಕೊಟ್ಟರು. ಕೊನೆಯ ಪುಟದಲ್ಲಿ ಒಟ್ಟು ನಾಲ್ಕು ಸಾವಿರ ಗಂಟೆ. ಮೊದಲ ಸಾಲಿನಲ್ಲಿ ಬರೇ ಇಪ್ಪತ್ತು ನಿಮಿಷ.

ಆ ಸಾಲನ್ನೇ ನೋಡುತ್ತ ನಿಂತೆ. ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಯಂತ್ರವನ್ನು ಮೋಡದ ಮೇಲೆ ಒಯ್ಯುವ ಮನುಷ್ಯ, ಒಂದು ದಿನ ಏನೂ ಬಾರದೆ ಕಲಿಸುವವರ ಜೊತೆ ಕೂತಿದ್ದರು!

ಅಪ್ಪ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. "ಆ ಮೊದಲ ದಿನ ನಿಮಗೆ ಹೆದರಿಕೆ ಆಗಲಿಲ್ಲವಾ?" ಎಂದು ಕ್ಯಾಪ್ಟನರನ್ನು ಕೇಳಿದರು.

"ತುಂಬ ಆಯಿತು. ಆದರೂ ಕೆಳಗಿಳಿದ ಕೂಡಲೇ, ಇನ್ನೊಮ್ಮೆ ಹೋಗುವ ಅಂದೆ."

ಬಸ್ಸಿನಲ್ಲಿ ಮನೆಗೆ ಬಂದೆವು. ರಾತ್ರಿ ಊಟವಾದ ಮೇಲೆ ಅಪ್ಪ, "ಎಲ್ಲುಂಟು ಆ ಕಾಗದ?" ಎಂದರು. ನಿಧಾನವಾಗಿ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. "ಕಣ್ಣಿನ ಪರೀಕ್ಷೆಗೆ ನಾನೂ ಬರ್ತೇನೆ ಮಗಾ."

ಬುಧವಾರ ಆ ಪರೀಕ್ಷೆಗೆ ಮಂಗಳೂರಿಗೆ ಹೋಗುವುದು. ಶಾಯಿ ಒಣಗಿತೋ ಎಂದು ಮೂರು ಸಲ ಎದ್ದು ನೋಡಿದೆ. ಇನ್ನು ಮಲಗಬೇಕು, ಆದರೆ ಇನ್ನೊಮ್ಮೆ ನೋಡಿ ಬರುವ ಅನ್ನಿಸುತ್ತದೆ.