ಕಿಟಕಿಯಾಚೆಯ ನಾಟಿ

ಕಾರಟಗಿ

ಕಳಕೇಶನಿಗೆ, ನಿನ್ನ ಕ್ಲಾಸಿನ ಹುಲಗಮ್ಮನ ನಮಸ್ಕಾರ.

ನಮ್ಮ ಹೈಸ್ಕೂಲಿನ ದಿನಗಳ ಮೇಲೆ ನೀನು ಮಾಡಿದ ಸಿನಿಮಾವನ್ನು ಗಂಗಾವತಿಯಲ್ಲಿ ಮಗಳ ಜೊತೆ ನೋಡಿದೆ. ಜನ ಸೀಟಿ ಹೊಡೆದರು, ಅತ್ತರು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ನಿನ್ನ ಸಿನಿಮಾದಲ್ಲಿ ಕಾಲುವೆಗೆ ನೀರು ಬಂದಿದೆ, ಕ್ಲಾಸಿನ ಕಿಟಕಿಯಾಚೆ ಹೆಂಗಸರು ಹಾಡುತ್ತ ಭತ್ತದ ನಾಟಿ ಮಾಡುತ್ತಿದ್ದಾರೆ, ಒಳಗೆ ಹುಡುಗಿಯರ ಬೆಂಚು ತುಂಬಿದೆ! ನಾಟಿ ಶುರುವಾದ ಮೇಲೆ ನಾವು ಯಾವತ್ತು ಬೆಂಚಿನ ಮೇಲಿದ್ದೆವು? ನೀನು ಕಿಟಕಿಯಿಂದ ನೋಡುತ್ತಿದ್ದ ಗದ್ದೆಯಲ್ಲಿ ಬಗ್ಗಿ ನಿಂತವರು ನಾವೇ.

"ಯವ್ವಾ, ನಿಮ್ಮ ಸಾಲಿ ಎಷ್ಟ ಛಲೋ ಇತ್ತು!" ಎಂದಳು ಮಗಳು. ಹೂಂ ಎಂದೆ.

ಸೋಮವಾರ, ಈಗ ಮಗಳು ಓದುವ ನಮ್ಮ ಅದೇ ಶಾಲೆಯಲ್ಲಿ ನಿನಗೆ ಸನ್ಮಾನವಂತೆ. ಅಂದೇ ನಮ್ಮ ಗದ್ದೆಯ ನಾಟಿ. "ಸಸಿ ಹಚ್ಚಾಕ ಆಳು ಸಿಗವಲ್ರು. ಹುಡುಗಿ ನಾಕ ದಿನ ಸಾಲಿ ಬಿಟ್ರ ಏನ್ ಗಂಟ ಹೋಗತೈತಿ?" ಎನ್ನುತ್ತಾರೆ ನಮ್ಮ ಮನೆಯವರು. ನನ್ನ ಮಾತು ನಡೆಯುವುದಿಲ್ಲ. ಅವರು ಶಾಲಾ ಸಮಿತಿಯಲ್ಲಿದ್ದಾರೆ, ನಿನಗೆ ಹಾರ ಹಾಕುವವರೂ ಅವರೇ.

ಒಂದು ಕೆಲಸ ಮಾಡು. ಹಾರ ಕೊರಳಿಗೆ ಬೀಳುವ ಮೊದಲು ಮೈಕ್ ಹಿಡಿದು ಒಂಬತ್ತನೇ ತರಗತಿಯ ಹುಡುಗಿಯರ ಹಾಜರಿ ಕೂಗು. ನನ್ನ ಮಗಳ ಹೆಸರು ಅಂಬಿಕಾ.

ಇಂತಿ,
ನಿನ್ನ ಕಿಟಕಿಯಾಚೆಯ
ಹುಲಗಮ್ಮ