ಎಡಹುರಿ

ಅಮುದರಿಯಾದ ದಡ, ನವೆಂಬರ್ ೧೯೫೧

ಮುದ್ದಿನ ತಂಗಿ ಝುಪಾರಳಿಗೆ ಅಕ್ಕ ಬಿಬಿಜಮಾಲಳ ಸಲಾಂ.

ನಿನ್ನ ಕಾಗದಗಳಿಗೆ ನಾನು ಉತ್ತರ ಬರೆಯಲಿಲ್ಲ. ನೆಂಟರ ಮದುವೆ ಮನೆಯಲ್ಲಿ ನಿನಗೆ ಬೆನ್ನು ಹಾಕಿ ಕೂತೆ, ನೀನು ಕೊಟ್ಟ ಚಹಾ ಮುಟ್ಟಲಿಲ್ಲ. ಅಕ್ಕನಿಗೆ ಏನಾಗಿದೆ ಎಂದು ನೀನು ಕಣ್ಣೀರು ಹಾಕಿದೆಯಂತೆ. ಇವತ್ತು ಹೇಳಿಬಿಡುತ್ತೇನೆ, ಪೂರ್ತಿ ಓದಿದ ಮೇಲೆ ಬೈಯಿ.

ಬೇಸಿಗೆಯಲ್ಲಿ ನಮ್ಮ ಯಜಮಾನರು ಮೀನು ಮಾರಲು ನಿಮ್ಮ ಮುಯ್ನಾಕ್‌ಗೆ ಬಂದಿದ್ದರಲ್ಲ, ವಾಪಸು ಬಂದಾಗ ದೋಣಿಯಲ್ಲಿ ಹೊಸ ಗಾಳದ ಹುರಿಯೊಂದಿತ್ತು. ಅವರ ಹುರಿಗಳಿಗೆಲ್ಲ ನಾನು ಹೊಸೆಯುವ ಕೆಂದಿರ್ ಗಿಡದ ನಾರೇ, ಆದರೆ ನನ್ನ ಕೈಯದಲ್ಲ. ಎಲ್ಲಿಯದೆಂದು ಕೇಳಿದೆ. "ಬಜಾರಲ್ಲಿ ಸಿಕ್ತು ಬಿಡೇ" ಎಂದವರೇ ಬಲೆ ಒಣಗಿಸಲು ಎದ್ದರು. ಕಣ್ಣು ತಪ್ಪಿಸಿ ಆಡಿದ ಮಾತು ನನಗೆ ತಿಳಿಯುವುದಿಲ್ಲವೇ? ಹುರಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನಮ್ಮ ಹೆಂಗಸರೆಲ್ಲ ಬಲತೊಡೆಯ ಮೇಲೆ ಬಲಗೈಯಲ್ಲಿ ನಾರು ಹೊಸೆಯುವವರು. ಇದರ ತಿರುವು ಉಲ್ಟಾ. ಎಡಗೈಯಲ್ಲಿ ಹೊಸೆದದ್ದು. ನಮ್ಮ ಬಳಗದಲ್ಲಿ ಎಡಚಿ ಎಂದರೆ ನೀನೊಬ್ಬಳೇ.

ಆಮೇಲೆ ನನ್ನ ತಲೆ ನನ್ನ ಮಾತು ಕೇಳಲಿಲ್ಲ. ನೀನು ಗಂಡನನ್ನು ಕಳೆದುಕೊಂಡವಳು, ಇನ್ನೂ ಚಿಕ್ಕ ವಯಸ್ಸು. ಅವರಿಗೋ ನಿನ್ನ ಮೀನಿನ ಸಾರೆಂದರೆ ಪ್ರಾಣ. ಅಂಗಿಯ ಗುಂಡಿಗಳನ್ನೂ ಬಿಡದೆ ನೋಡಿದೆ, ನೀನು ಹೊಲಿದುಕೊಟ್ಟಿದ್ದೀಯೇನೋ ಎಂದು. ಅವರು ಊರು ಬಿಟ್ಟು ಕದಲದಿದ್ದರೂ ಇನ್ನೊಂದು ಎಡಹುರಿ ಬಂತು. ಯಾರ ದೋಣಿಯಲ್ಲೋ ಕಳಿಸುತ್ತಿದ್ದಾಳೆ ಎಂದುಕೊಂಡೆ. ನನ್ನ ಒಡಹುಟ್ಟಿದವಳೇ ನನ್ನ ಮನೆ ಮುರಿಯುತ್ತಿದ್ದಾಳೆಂದು ಹೊಟ್ಟೆ ಉರಿಯಿತು ಝುಪಾರ್.

ಮೊನ್ನೆ ಬೆಳಿಗ್ಗೆ ಅವರು ರೊಟ್ಟಿಯ ಗಂಟು ಮರೆತು ಹೋದರು. ಕೊಡುವ ನೆಪದಲ್ಲಿ ಸದ್ದಿಲ್ಲದೆ ಹಿಂದೆ ಹೋದೆ. ಜೊಂಡಿನ ಮರೆಯಲ್ಲಿ, ಒಬ್ಬರೇ, ಷರಾಯಿಯನ್ನು ತೊಡೆಯವರೆಗೆ ಸುತ್ತಿಕೊಂಡು ಕೂತಿದ್ದರು. ಎಡತೊಡೆ ಕೆಂಪಗೆ ಉಜ್ಜಿಹೋಗಿತ್ತು. ಎಡಗೈಯಲ್ಲಿ ನಾರು ಹೊಸೆಯುತ್ತಿದ್ದರು! ಹೆಂಗಸರ ಕೆಲಸ ಅದು, ಯಾರಾದರೂ ನೋಡಿದ್ದರೆ ಊರೆಲ್ಲ ಆಡಿಕೊಂಡು ನಗುತ್ತಿತ್ತು. ನೀವು ಬಲಗೈಯವರು, ಎಡಗೈಯಲ್ಲಿ ಯಾಕೆ ಹೀಗೆ ಒದ್ದಾಡುತ್ತೀರಿ ಎಂದು ಕೇಳಿದೆ.

"ನೀನು ಮಾಡೋದೂ ಹೀಗೇ ಅಲ್ವೇನೇ? ಇಷ್ಟು ವರ್ಷ ನಿನ್ನ ಎದುರಿಗೆ ಕೂತು ನೋಡಿದೀನಿ" ಎಂದರು.

ಎದುರಿಗೆ ಕೂತು ಕಲಿತಿದ್ದಾರೆ, ಕನ್ನಡಿಯಲ್ಲಿ ನೋಡಿದ ಹಾಗೆ. ನನ್ನ ಬಲ ಅವರಿಗೆ ಎಡವಾಗಿದೆ. ನಗು ಬಂತು, ಆಮೇಲೆ ನಿನ್ನ ಮುಖ ನೆನಪಾಗಿ ನಾಚಿಕೆಯಾಯಿತು. ಕದ್ದುಮುಚ್ಚಿ ಯಾಕೆ ಎಂದರೆ ಮಾತ್ರ, ಸುಮ್ಮನೆ ಹೊತ್ತು ಹೋಗಲಿ ಅಂತ ಎಂದು ಹಾರಿಸಿದರು.

ಹಿಮ ಬೀಳುವ ಮುಂಚೆ ಬಾ. ಈ ಸಲ ಚಹಾ ನಾನು ಬಗ್ಗಿಸಿ ಕೊಡುತ್ತೇನೆ.

ನಿನ್ನ ಕೆಟ್ಟ ತಲೆಯ ಅಕ್ಕ,
ಬಿಬಿಜಮಾಲ್

ಕಾಗದ ಮಡಚುವ ಮುನ್ನ: ಅಕ್ಷರ ಸೊಟ್ಟಗಿವೆ ಎಂದು ನಗಬೇಡ, ಬಲಗೈ ಬೆರಳುಗಳು ಈಗ ಸರಿಯಾಗಿ ಮಡಚುವುದಿಲ್ಲ. ನಿನ್ನೆ ದೋಣಿ ತೊಳೆಯುವಾಗ ಹಲಗೆಯ ಅಡಿಯಲ್ಲಿ ಈ ವರ್ಷ ನಾನು ಹೊಸೆದ ಹುರಿಗಳೆಲ್ಲ ಸಿಕ್ಕವು. ಒಂದೂ ಮೀನಿನ ಭಾರ ತಡೆದಿಲ್ಲ, ಎಲ್ಲವೂ ನಡುವೆಯೇ ಕಡಿದಿವೆ. ಅವರು ಒಂದು ಮಾತೂ ಆಡಿಲ್ಲ. ಇವತ್ತು ಬೆಳಿಗ್ಗೆ ಇನ್ನೊಂದು ಹೊಸೆದುಕೊಟ್ಟೆ. ಗಟ್ಟಿಯಾಗಿದೆ ಎಂದು ಹೇಳಿ ತೆಗೆದುಕೊಂಡು ಹೋದರು.