ತಿಮ್ಮವ್ವನ ತಲ್ಯಾಗಿನ ನೀರು

ಶಹಾಪುರ,
೧೯ ಸಪ್ಟೆಂಬರ್ ೨೦೨೪

ಪ್ರೀತಿಯ ಮಗಳು ಸಾವಿತ್ರಿಗೆ, ಜೈಭೀಮ.

ಆರಾಮ ಅದೀಯೇನವ್ವ? ಗುರುಮಠಕಲ್ಲಿನ ಹಾಸ್ಟೆಲ್‌ನಾಗ ಅಷ್ಟು ಹುಡಿಗ್ಯಾರಿಗೆ ಅಡಗಿ ಮಾಡಿ ಮಾಡಿ ಕೈ ನೋವು ಹೆಚ್ಚಾಗಿರಬೇಕು. ಮುರಿದು ಕೂಡಿದ ಕೈ ಅದು, ಭಾರದ ಪಾತ್ರಿ ಎತ್ತಬ್ಯಾಡ. ನಾ ಬರೇ ದಣದೀನಿ, ಬ್ಯಾರೆ ಏನಿಲ್ಲ. ಫೋನ್ ಮಾಡಿ ಹೇಳಬಹುದಿತ್ತು. ಆದ್ರ ನಮ್ಮದು ಒಂದ ಖೋಲಿ ಮನಿ, ನಿಮ್ಮವ್ವ ಎಲ್ಲಾ ಕೇಳಿಸ್ಕೋತಾಳ. ಮತ್ತ ಇಷ್ಟು ಮಾತು ಆಡಾಕ ನನಗ ಬಾಯಿ ಬರಾಂಗಿಲ್ಲ.

ಅವ್ವಗ ತಲಿ ಆಪರೇಶನ್ ಆತು. ಗಾಬರಿ ಆಗಬ್ಯಾಡ, ಆರಾಮ ಆಗಾಕತ್ತಾಳ. ಹೋದ ಬ್ಯಾಸಗಿಯಿಂದ ಮುಂಜಾನೆ ಎದ್ದಕೂಡ್ಲೆ ತಲಿನೋವು, ವಾಂತಿ. ಪಿತ್ತ ಅಂದ್ಕೊಂಡು ಲಿಂಬಿಹಣ್ಣಿನ ಪಾನಕ ಕುಡಿಸಿದ್ವಿ. ಆಮ್ಯಾಲೆ ಕಾಲು ಎಳದು ನಡಿಯಾಕತ್ತಳು. ಪಲ್ಲೆಕ್ಕ ಉಪ್ಪು ಹಾಕಿ, ಮರತು ಮತ್ತ ಹಾಕಿ, ಹಾಕೇ ಇಲ್ಲಂತ ನನ್ನ ಜೋಡಿ ಜಗಳಾ. ಒಂದಿನ ನಳದ ಹತ್ರ ಬಿದ್ದಾಕಿನ್ನ ಬಾಜೂಮನಿ ಚಮನಬೀ ಎತ್ತಿಕೊಂಡು ಬಂದು, "ಕಾಕಾ, ಇದು ಪಿತ್ತ ಅಲ್ಲ, ಕಲಬುರಗಿಗೆ ಕರಕೊಂಡು ನಡೀರಿ" ಅಂದಳು. ಅಕೀನೇ ಜೋಡಿ ಬಂದಳು.

ಸ್ಕ್ಯಾನ್‌ನಾಗ ಮಿದುಳಿನ ಬಾಜೂಕ ನೀರು ತುಂಬಿದ ಗುಳ್ಳಿ ಕಂಡಿತು. ಕ್ಯಾನ್ಸರ್ ಅಲ್ಲ. ಇಂಥಾ ಗುಳ್ಳಿ ಕೆಲವು ಮಂದಿಗೆ ಹುಟ್ಟಿದಾಗಿಂದ ಇರ್ತಾವಂತ, ತ್ರಾಸ ಕೊಡದಿದ್ರ ಮುಟ್ಟಾಂಗಿಲ್ಲಂತ. ನಿಮ್ಮವ್ವಂದು ಬೆಳದು, ಮಿದುಳಿನ ನೀರು ಹರಿಯೋ ದಾರೀನೇ ಒತ್ತಿ ಹಿಡಿದಿತ್ತು. ತಲಿಬುರುಡಿಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇದ್ದ ಪೈಪು ಇಳಿಸಿ, ಗುಳ್ಳಿಯ ಪದರ ಹರದು ನೀರಿಗೆ ದಾರಿ ಮಾಡಿಕೊಟ್ರು. ಅದು ಮತ್ತ ಮುಚ್ಚಿಕೊಂಡ್ರ ತಲಿಯಿಂದ ಹೊಟ್ಟಿಗೆ ಒಂದು ನಳಿ ಕೂಡಿಸಬೇಕಾಗತೈತಂತ.

ನಾ ಸೋತಿದ್ದು ಆಪರೇಶನ್ ಮುಗದ ಮ್ಯಾಲೆ. ಹೊಲಿಗಿಯಿಂದ ನೀರು ಜಿನುಗಾಕತ್ತಿತ್ತು. ಸೋಂಕು ಆದ್ರ ಜೀವಕ್ಕ ಕುತ್ತು ಅಂದ್ರು. ಮತ್ತ ಹೊಲದು, ಅಲುಗಾಡದಂಗ ಮಲಗಿಸಿದ್ರು. ನಾ ಮಂಚದ ಬಾಜೂಕ ನೆಲದ ಮ್ಯಾಲೆ ಕುಂತು, ದಿಂಬು ಹಸಿ ಆಗೇತೇನು ಅಂತ ಮುಟ್ಟಿ ಮುಟ್ಟಿ ನೋಡತಿದ್ದೆ. ಒಂದು ಮುಂಜಾನೆ ಒಣಗಿತ್ತು. ಅಳಬೇಕನಿಸ್ತು. ಅಳಾಕೂ ಶಕ್ತಿ ಇರಲಿಲ್ಲ.

ಈಗ ಹೇಳಬೇಕಾದ್ದು ಹೇಳತೀನಿ. ಗಂಡ ನಿನ್ನ ಕೈ ಮುರದಾಗ ನೀ ಕೆಂಭಾವಿಯಿಂದ ನಮ್ಮ ಮನಿಗೇ ಬಂದಿದ್ದಿ. ನಿಮ್ಮವ್ವ ಒಳಗ ಬಿಟ್ಟುಕೊಳ್ಳಲಿಲ್ಲ. "ಸತ್ರೂ ಅಲ್ಲೇ ಸಾಯಿ" ಅಂದಳು. ನಾ ಹತ್ತಿ ಚೀಲ ಹೊರೋ ಕೆಲಸ ಮುಗಿಸಿ ಮನಿಗೆ ಬರೂದ್ರಾಗ ನೀ ಹೋಗಿಬಿಟ್ಟಿದ್ದಿ. ಅದಕ್ಕ ಡಾಕ್ಟರಮ್ಮಗ ಕೇಳಿದೆ, "ಎರಡು ವರ್ಷದ ಹಿಂದಿನ ಮಾತಿಗೂ ಈ ಗುಳ್ಳೀನೇ ಕಾರಣ ಇರಬಹುದೇನ್ರಿ?" "ಇರಬಹುದು, ಇಲ್ಲದೇನೂ ಇರಬಹುದು. ಅದನ್ನ ಸ್ಕ್ಯಾನ್ ಹೇಳಾಂಗಿಲ್ಲರಿ" ಅಂದ್ರು. ನಾ ಇರಬಹುದು ಅನ್ನೋದನ್ನಷ್ಟೇ ಹಿಡಕೊಂಡೀನಿ. ಆ ಮಾತು ಆಡಿದ್ದು ತಲ್ಯಾಗಿನ ನೀರು, ನಿಮ್ಮವ್ವ ಅಲ್ಲಂತ ತಿಳಕೋ ತಾಯಿ.

ಚಮನಬೀ ನಿನಗ ಸಲಾಂ ಹೇಳ್ಯಾಳ. ಮಂದಿಗೆ ಉಣಿಸಿ ನೀ ಉಪವಾಸ ಕುಂದ್ರಬ್ಯಾಡ. ನಿನಗ ಒಳ್ಳೇದಾಗಲಿ.

ನಿಮ್ಮಪ್ಪ,
ಮರಿಲಿಂಗಪ್ಪ

ತಾ.ಕ.: ಪಾಕೀಟ ಅಂಟಸೂಮುಂದ ನಿಮ್ಮವ್ವ, ಏನು ಬರದೀರಿ ಓದ್ರಿ ಅಂದಳು. ಓದಿದೆ. ಆ ಮಾತು ಆಡಿದ್ದು ತಲ್ಯಾಗಿನ ನೀರು ಅನ್ನೋ ಸಾಲಿಗೆ ಬಂದಾಗ, "ಅದನ್ನ ಹೊಡದುಹಾಕ್ರಿ. ಗುಳ್ಳಿ ಅಲ್ಲ, ನಾನೇ ಅಂದಿದ್ದು. ಓಣಿ ಮಂದಿ ಬಾಯಿಗೆ ಅಂಜಿ ಅಂದೆ. ಎಲ್ಲಾ ನೆನಪೈತಿ ನನಗ" ಅಂದಳು. ನಾ ಹೊಡದುಹಾಕಿಲ್ಲ. ನನ್ನ ಮಾತು, ಅಕಿ ಮಾತು ಎರಡೂ ನಿನ್ನ ಮುಂದ ಅದಾವ. ನಿನ್ನನ್ನ ಬಾ ಅಂತ ಕರೀಬಾರದಂತ. ಬಸ್ಸಿನಾಗ ಕುಂದ್ರಾಕ ಡಾಕ್ಟರಮ್ಮ ಹೂಂ ಅಂದಕೂಡ್ಲೆ ತಾನೇ ಗುರುಮಠಕಲ್ಲಿಗೆ ಬರ್ತಾಳಂತ. ನೀ ಬ್ಯಾಡ ಅಂದ್ರ ಬರಾಂಗಿಲ್ಲಂತ. ಅದನ್ನೂ ಬರೀರಿ ಅಂದಾಳ.